ಮೈನಸ್ ಎರಡು
ಲಿನಕ್ಸ್ ಆವೃತ್ತಿಯನ್ನು ಅಪ್‌ಗ್ರೇಡ್ ಮಾಡಿದ ಮೇಲೆ ಲ್ಯಾಪ್‌ಟಾಪಿನ ವೈಫೈ ಇಂದು ಕೊನೆಗೂ ಸರಿಹೋಯಿತು.

ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗಿನಲ್ಲಿ, ಫರ್ಮ್‌ವೇರ್ (ವೈಫೈ ಚಿಪ್ಪಿನೊಳಗಿನ ತಂತ್ರಾಂಶ) ಲೋಡ್ ಆಗಲಿಲ್ಲ ಎಂಬ ಸಾಲಿನ ಕೊನೆಗೆ ಪ್ರತಿ ಸಲವೂ ‘-2’ ಎಂಬ ಸಂಖ್ಯೆ ಕಾಣುತ್ತಿತ್ತು. ಕಡತ ಸಿಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಚಿಪ್ ಕೆಟ್ಟಿರಲಿಲ್ಲ, ರೂಟರ್ ಅಂತೂ, ಪಾಪ, ಪೂರ್ತಿ ನಿರಪರಾಧಿ. ಚಿಪ್ಪಿನೊಡನೆ ಮಾತಾಡುವ ವೈಫೈ ಡ್ರೈವರ್ ಸಾಮಾನ್ಯವಾಗಿ ಕರ್ನಲ್‌ನ ಜೊತೆಗೇ ಬರುತ್ತದೆ, ಆದರೆ ಚಿಪ್ಪಿನೊಳಗೆ ನಡೆಯಬೇಕಾದ ಫರ್ಮ್‌ವೇರ್ ಬೇರೊಂದು ಪ್ಯಾಕೇಜಿನಲ್ಲಿರುತ್ತದೆ. ನನ್ನ ಹಳೆಯ ಆವೃತ್ತಿಯಲ್ಲಿ ಮೊದಲನೆಯದಿತ್ತು, ಎರಡನೆಯದು ಇರಲಿಲ್ಲ.

ವೈಫೈ ಸರಿಪಡಿಸುವ ಅಪ್‌ಗ್ರೇಡಿಗೂ ಇಂಟರ್ನೆಟ್ಟೇ ಬೇಕೆಂಬುದು ವಿಚಿತ್ರ. ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಅದರ ಡೇಟಾದಲ್ಲಿಯೇ ಎಲ್ಲವನ್ನೂ ಇಳಿಸಿಕೊಂಡೆ. ಇದೇ ತೊಂದರೆಯಿರುವ ಗೆಳೆಯರು ಹೊಸ ಆವೃತ್ತಿಯನ್ನು ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಚಲಾಯಿಸಿ, ವೈಫೈ ಸಿಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬಹುದು.