ಪಿಯುಸಿ ಹುಡುಗನಿಗೆ ಕಾಲೇಜಿನ ಕ್ರೆಡಿಟ್ ಸಿಗುತ್ತಾ?

ಜೂನ್‌ನಲ್ಲಿ ನಮ್ಮಣ್ಣನ ಮಗಳು ಮಿನ್ನೆಸೋಟದಿಂದ ಹಾಸನಕ್ಕೆ ಬಂದಿದ್ದಳು. ಹನ್ನೆರಡನೇ ಕ್ಲಾಸು ಆಗಷ್ಟೇ ಮುಗಿದಿತ್ತು. ಅಕ್ಕಿರೊಟ್ಟಿ ತಟ್ಟುತ್ತಾ ಸುಮ್ನೆ ಕೇಳಿದೆ, ಮುಂದೇನು ಪುಟ್ಟಿ ಅಂತ. "ಅತ್ತೆ, ಕಾಲೇಜು ಆಗಲೇ ಒಂದು ವರ್ಷದಷ್ಟು ಮುಗಿದಿದೆ" ಅಂದಳು. ಕಾವಲಿ ಮೇಲಿದ್ದ ರೊಟ್ಟಿ ಸೀದುಹೋಯಿತು.

ಆಮೇಲೆ ಕೂತು ಕೇಳಿಸಿಕೊಂಡೆ. ಅವರ ರಾಜ್ಯದಲ್ಲಿ 1985ರಿಂದ ಪಿಎಸ್‌ಇಒ ಅಂತ ಒಂದು ವ್ಯವಸ್ಥೆ ಇದೆ. ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳು ಕಾಲೇಜಿಗೇ ಹೋಗಿ, ಅಲ್ಲಿನ ದೊಡ್ಡವರ ಜೊತೆ ಕೂತು ಪಾಠ ಕೇಳಬಹುದು. ಫೀಸಿಲ್ಲ, ಪುಸ್ತಕಕ್ಕೂ ದುಡ್ಡಿಲ್ಲ. ಪಾಸಾದರೆ ಆ ಒಂದೇ ಕೋರ್ಸು ಸ್ಕೂಲಿನ ಲೆಕ್ಕಕ್ಕೂ ಬರುತ್ತೆ, ಕಾಲೇಜಿನ ಲೆಕ್ಕಕ್ಕೂ ಬರುತ್ತೆ. ಪಾಸಾದ ಕೋರ್ಸಿಗೆ ಸಿಗೋ ಈ ಲೆಕ್ಕಕ್ಕೇ ಕ್ರೆಡಿಟ್ ಅನ್ನೋದು. ಡಿಗ್ರಿಗೆ ಸುಮಾರು 120 ಕ್ರೆಡಿಟ್ ಬೇಕು, ಇವಳ ಕೈಲಿ ಆಗಲೇ 30 ಇದೆ. ಎಪಿ ಅಂತ ಇನ್ನೊಂದು ದಾರಿ. ಅದರಲ್ಲಿ ಕಾಲೇಜು ಮಟ್ಟದ ಪಾಠ ಸ್ಕೂಲಲ್ಲೇ, ಮೇ ತಿಂಗಳಲ್ಲಿ ಪರೀಕ್ಷೆ, ಅಂಕ 1ರಿಂದ 5. ಕೆಲವು ಕಾಲೇಜು 3 ಬಂದರೆ ಸಾಕು ಅನ್ನುತ್ತವೆ, ಕೆಲವಕ್ಕೆ 4 ಅಥವಾ 5 ಬೇಕು.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಇವಳಿಗೆ ಕೆಮಿಸ್ಟ್ರಿಯಲ್ಲಿ ಸಿ ಗ್ರೇಡು ಬಂತು. ಸ್ಕೂಲಿನ ಕಿರುಪರೀಕ್ಷೆಯ ಹಾಗೆ ಮರೆತುಬಿಡೋಕಾಗಲ್ಲ, ಕಾಲೇಜಿನ ಅಂಕಪಟ್ಟಿಯಲ್ಲಿ ಹಾಗೇ ಉಳಿಯುತ್ತೆ. ಜೊತೆಗೆ ಎಲ್ಲ ಕಾಲೇಜೂ ಈ ಕ್ರೆಡಿಟ್ ತಗೊಳ್ಳಲ್ಲ. ಅಂಗಡಿ ಚೀಟಿ ಇದ್ದ ಹಾಗೆ, ಪಕ್ಕದ ಅಂಗಡಿಯಲ್ಲಿ ನಡೆಯುತ್ತಾ ಅಂತ ಮೊದಲೇ ಕೇಳಿಕೊಂಡಿರಬೇಕು.

ನನ್ನ ಮಗ ಆಗಷ್ಟೇ ಫಸ್ಟ್ ಪಿಯು ಸೈನ್ಸ್ ಸೇರಿದ್ದ. "ಅಮ್ಮ, ನಮಗೂ ಇದೆಯಾ?" ಅಂತ ಹಿಂದೆ ಬಿದ್ದ. ಹುಡುಕಿ ನೋಡಿದರೆ, ಅಂಥದ್ದೇ ಇಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಶಾಲೆ ಓದಿಗೂ ವರ್ಷಕ್ಕೆ 40 ಕ್ರೆಡಿಟ್ ಅಂತ ಇದೆ, ಆದರೆ ಅದು ಓದುತ್ತಿರೋ ಓದಿಗೇ ಕೊಡೋ ಲೆಕ್ಕ. ಮದ್ರಾಸ್ ಐಐಟಿಯ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಡಿಗ್ರಿಗೆ ಹನ್ನೊಂದನೇ ಕ್ಲಾಸಿನ ಪರೀಕ್ಷೆ ಬರೆದವರು ಅರ್ಜಿ ಹಾಕಬಹುದು. ಅವರ ಅರ್ಹತಾ ಪರೀಕ್ಷೆ ಪಾಸಾದರೂ ಹನ್ನೆರಡು ಮುಗಿದ ಮೇಲೇ ಸೇರಬೇಕು. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆ ತಾಣ ಸ್ವಯಂನಲ್ಲಿ ಐಐಟಿಗಳವರು ನಡೆಸೋ ಎನ್‌ಪಿಟೆಲ್ ಕೋರ್ಸು ಮಾತ್ರ ಪುಕ್ಕಟೆ ಕಲಿಯಬಹುದು. ಡಿಗ್ರಿ ಓದುವವರು ಸೆಮಿಸ್ಟರಿನ 40 ಶೇಕಡದವರೆಗೆ ಸ್ವಯಂ ಕೋರ್ಸುಗಳನ್ನೇ ತಗೋಬಹುದು ಅಂತ 2021ರ ಯುಜಿಸಿ ನಿಯಮ ಇದೆ. ಪಿಯು ಹುಡುಗನಿಗೆ ಸಿಗೋದು ಸರ್ಟಿಫಿಕೇಟು. ಮುಂದೆ ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಡೋದು ಆ ಕಾಲೇಜಿನವರ ಇಷ್ಟ.

ಆದ್ರೂ ಸೇರಿಸಿದೆ. 12 ವಾರದ ಪೈಥಾನ್ ಕೋರ್ಸು. ಪ್ರತಿ ಬುಧವಾರ ರಾತ್ರಿ 12ರೊಳಗೆ ಅಸೈನ್‌ಮೆಂಟ್ ಹಾಕಬೇಕು. ಒಂದು ಬುಧವಾರ ಸಕಲೇಶಪುರದ ಹತ್ತಿರ ನಮ್ಮಮ್ಮನ ಮನೆಯಲ್ಲಿದ್ದೆವು. ಮಳೆ ಅಂದ್ರೆ ಮಳೆ, ಸಂಜೆಯಿಂದಲೇ ಕರೆಂಟಿಲ್ಲ, ಮನೆಯೊಳಗೆ ಸಿಗ್ನಲ್ಲೂ ಇಲ್ಲ. ಕಾಫಿ ಒಣಗಿಸೋ ಕಣದ ಮೂಲೆಯಲ್ಲಿ ಮಾತ್ರ ಒಂದು ಕಡ್ಡಿ ಬರುತ್ತೆ. ನಾನು ಕೊಡೆ ಹಿಡಿದೆ, ಅವನು ಅಂಗಿಯೊಳಗೆ ಫೋನ್ ಇಟ್ಟುಕೊಂಡು ಒಂದೊಂದೇ ಉತ್ತರ ಒತ್ತಿದ. ಹನ್ನೊಂದೂ ಐವತ್ತಕ್ಕೆ ಸಬ್ಮಿಟ್ ಆಯ್ತು. ಅಮ್ಮ ಬಾಗಿಲಲ್ಲಿ ಚಿಮಣಿ ಹಿಡಿದು ನಿಂತು ಬೈಯುತ್ತಲೇ ಇದ್ದರು.

ಇಷ್ಟೆಲ್ಲ ಒದ್ದಾಡಿ ಏನು ಮಾಡಿಕೊಂಡೆವು ಗೊತ್ತಾ? ಕೋರ್ಸಿಗೆ ಸೇರೋದೇ ಬೇರೆ, ಪರೀಕ್ಷೆಗೆ ದುಡ್ಡು ಕಟ್ಟಿ ಹೆಸರು ಕೊಡೋದೇ ಬೇರೆ. ಅದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಕೊನೇ ದಿನ ದಾಟಿತ್ತು. ಮೇಲ್ ಬಂದಿತ್ತು, ನಾನೇ ತೆರೆದಿರಲಿಲ್ಲ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪರೀಕ್ಷೆ ಇಲ್ಲದೆ ಸರ್ಟಿಫಿಕೇಟೂ ಇಲ್ಲ.

ನಾನು ಎರಡು ದಿನ ಮಂಕಾಗಿದ್ದೆ. ಅವನು ಮಾತ್ರ ಉಳಿದ ವಾರಗಳ ಪಾಠ ನೋಡುತ್ತಲೇ ಇದ್ದ. ನಮ್ಮನೆಯವರ ವರಾತ ಬೇರೆ: "ಸಿಇಟಿ ರ‍್ಯಾಂಕಿಗೆ ಅರ್ಧ ಪಿಯು ಅಂಕ ಸೇರುತ್ತೆ, ಪೈಥಾನ್ ಸೇರಲ್ಲ." ಮಾತು ಸುಳ್ಳಲ್ಲ. ಆದರೆ ಮೊನ್ನೆ ನಮ್ಮಮ್ಮನ ಕಾಫಿ ಕೊಯ್ಲಿನ ಕೂಲಿ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟ. ಅದರಲ್ಲಿ ಒಬ್ಬರ ಕೂಲಿ ಎರಡು ಸಲ ಬಂದಿತ್ತು. ಅಮ್ಮ ನೋಟ್‌ಬುಕ್ ತೆಗೆದು ತೋರಿಸಿದರು. ಅವನು ಈಗ ಅದನ್ನ ಸರಿಮಾಡುತ್ತಾ ಕೂತಿದ್ದಾನೆ.