ಮಳೆ ಹಿಡಿಯೋಕೆ ಮೊದ್ಲಲ್ವಾ ಹೊಡೆಸೋದು?

28 ಆಗಸ್ಟ್ 2025, ಗುರುವಾರ
ತೀರ್ಥಹಳ್ಳಿ

ಅಪ್ಪಯ್ಯನ ಜ್ವರ ಇವತ್ತು ಸಂಜೆ ನೂರಕ್ಕೆ ಇಳಿದಿದೆ. ಐದು ದಿನದಿಂದ ನೂರಾಮೂರರವರೆಗೆ ಹತ್ತಿ ಇಳೀತಿತ್ತು. ನಿನ್ನೆ ಗಣಪತಿ ಹಬ್ಬ, ಕಡುಬು ಮಾಡಿದ್ದು ಹಾಗೇ ಉಳೀತು, ಗೌರಿಗೆ ಬಂದಿದ್ದ ಅತ್ತಿಗೆ ಮಕ್ಳು ಎಲ್ಲಾ ಕೆಮ್ಮಿಕೊಂಡೇ ಬಸ್ಸು ಹತ್ತಿದ್ರು.

ರಿಪೋರ್ಟು ಮೊನ್ನೆನೇ ಬಂದಿತ್ತು. ಇನ್‌ಫ್ಲುಯೆಂಜಾ ಎ, ಎಚ್3ಎನ್2, ಅಂದ್ರೆ ಫ್ಲೂ ಜ್ವರದ ಒಂದು ಬಗೆ. ಓದಿ ಕೈ ತಣ್ಣಗಾಯ್ತು. 2023ರ ಮಾರ್ಚ್‌ನಲ್ಲಿ ಹಾಸನದ ಕಡೆ 82 ವರ್ಷದ ಹಿರಿಯರೊಬ್ರು ಇದೇ ಎಚ್3ಎನ್2 ಬಂದು ತೀರ್ಕೊಂಡ್ರು ಅಂತ ಸುದ್ದಿಯಾಗಿತ್ತಲ್ಲ, ಅವತ್ತಿಂದ ಆ ಹೆಸರು ನನ್ನ ತಲೇಲಿ ಕೂತ್ಬಿಟ್ಟಿದೆ. ಅಪ್ಪಯ್ಯನಿಗೆ 76, ಬೀಡಿ ಬಿಟ್ಟು ಹತ್ತು ವರ್ಷ ಆಗಿದ್ರೂ ಎದೆ ಮೊದಲಿನ ಹಾಗಿಲ್ಲ. ಅದಕ್ಕೇ ಕಳೆದ ಡಿಸೆಂಬರ್‌ನಲ್ಲಿ ಹಠ ಮಾಡಿ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಸಾವಿರದ ಎಂಟುನೂರು ಕೊಟ್ಟು ಫ್ಲೂ ಲಸಿಕೆ ಹಾಕ್ಸಿದ್ದೆ. ಹಾಕ್ಸಿದ ಮೇಲೆ ಒಂಥರ ನಿಶ್ಚಿಂತೆ ಇತ್ತು ನಂಗೆ.

ಮಧ್ಯಾಹ್ನ ಗಂಜಿ ಕುಡಿಸ್ತಿದ್ದಾಗ ಕೇಳಿದ್ರು, "ಅಲ್ದೇ ಮಗಾ, ಸೂಜಿ ಹಾಕ್ಸಿದ್ದೆ ಅಲ್ದಾ, ಮತ್ತೆ ಬಂದಿದ್ದು ಎಂತಕ್ಕೆ?" ಕೇಳಿ ಕಂಬಳಿ ಸರಿಸಿ ತೋಳು ತೋರಿಸಿದ್ರು. ಸಣ್ಣವರಿದ್ದಾಗ ಸಿಡುಬಿನ ದಾಕು ಹಾಕಿಸಿದ ಗುರುತು, ನಾಲ್ಕಾಣೆ ಅಗಲ, ಚರ್ಮ ಸುಕ್ಕಾಗಿ ಅದೂ ಈಗ ಒಂದು ಕಡೆಗೆ ವಾಲಿದೆ. "ಇದು ನೋಡು, ಒಂದ್ಸಲ ಹಾಕಿದ್ರು, ಆ ಕಾಯಿಲೆ ಬರ್ಲೇ ಇಲ್ಲ."

ಸಿಡುಬಿನ ವೈರಸ್ಸು ಅಷ್ಟು ಬೇಗ ವೇಷ ಬದಲಾಯಿಸ್ತಿರ್ಲಿಲ್ಲ ಅಪ್ಪಯ್ಯ, ಇದು ಹಾಗಲ್ಲ ಅಂದೆ. ಫ್ಲೂ ವೈರಸ್ಸು ಮೈಯೊಳಗೆ ತನ್ನದೇ ನಕಲು ತೆಗೀತಾ ಹೋಗುತ್ತೆ, ತೆಗೆದಿದ್ದನ್ನ ತಿದ್ದೋ ವ್ಯವಸ್ಥೆ ಅದಕ್ಕಿಲ್ಲ, ತಪ್ಪು ತಪ್ಪಾಗೇ ಮುಂದೆ ಹೋಗುತ್ತೆ, ಆ ವೈರಸ್ಸಿನ ಮೈಮೇಲಿರೋ ಮುಳ್ಳಿನಲ್ಲಿ ಸರಿಯಾದ ಜಾಗದಲ್ಲಿ ಒಂದೆರಡು ತಪ್ಪು ಬಿದ್ರೆ ಸಾಕು, ನಮ್ಮ ರಕ್ತದಲ್ಲಿ ಕಾಯ್ತಿರೋ ಆ್ಯಂಟಿಬಾಡಿಗಳಿಗೆ ಗುರುತು ಹತ್ತಲ್ಲ. ಅದ್ರಲ್ಲೂ ಈ ಎಚ್3ಎನ್2 ಉಳಿದವಕ್ಕಿಂತ ಬೇಗ ಬದಲಾಗುತ್ತೆ. ಕೇಳಿಸ್ಕೊಂಡ್ರು, ಏನೂ ಹೇಳ್ಲಿಲ್ಲ.

ಅವರು ಮಲಗಿದ ಮೇಲೆ ಫೈಲಿಂದ ಆ ಲಸಿಕೆಯ ಕಾಗದ ಹುಡುಕಿ ತೆಗೆದೆ. ಎಂಟು ಮಡಿಕೆ, ಅಕ್ಷರ ಸಾಸಿವೆಗಿಂತ ಸಣ್ಣ. 2024-25, ಉತ್ತರ ಗೋಳ, ಅಂದ್ರೆ ಭೂಮಿಯ ಉತ್ತರಾರ್ಧದ ದೇಶಗಳಿಗೆ. ಕೆಳಗೆ ಲಸಿಕೆಯೊಳಗಿನ ನಾಲ್ಕು ಫ್ಲೂ ವೈರಸ್ಸಿನ ಹೆಸರು. ಎಚ್1ಎನ್1ಗೆ ಎ/ವಿಕ್ಟೋರಿಯಾ/4897/2022. ಎಚ್3ಎನ್2ಗೆ ಎ/ಥೈಲ್ಯಾಂಡ್/8/2022. ಬಿ/ಆಸ್ಟ್ರಿಯಾ/1359417/2021. ಬಿ/ಫುಕೆಟ್/3073/2013. ಊರು, ನಂಬರು, ಇಸವಿ. ಅಂದ್ರೆ 2022ರಲ್ಲಿ ಥೈಲ್ಯಾಂಡಿನಲ್ಲಿ ಯಾರದ್ದೋ ಮೂಗಿನಿಂದ ತೆಗೆದ ವೈರಸ್ಸಿನ ಗುರುತನ್ನ ತೀರ್ಥಹಳ್ಳಿಯ ನಮ್ಮಪ್ಪಯ್ಯನ ಮೈಗೆ ಕಲಿಸಿದ್ದು. ಆ ಫುಕೆಟ್‌ದು ಬಿ ಫ್ಲೂವಿನ ಯಾಮಗಾಟ ಅನ್ನೋ ಬಳಗಕ್ಕೆ ಸೇರಿದ್ದು, ಆ ಬಳಗ 2020ರ ಮಾರ್ಚ್ ಆದ್ಮೇಲೆ ಜನರಲ್ಲಿ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯವ್ರು ವರ್ಷಕ್ಕೆರಡು ಸಲ ಕೂತು ಯಾವ ವೈರಸ್ಸು ಹಾಕ್ಬೇಕು ಅಂತ ತೀರ್ಮಾನ ಮಾಡ್ತಾರೆ, ಫೆಬ್ರವರಿಯಲ್ಲಿ ಉತ್ತರ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ. ಆಮೇಲೆ ಅದನ್ನ ಕೋಳಿ ಮೊಟ್ಟೆಯಲ್ಲಿ ಬೆಳೆಸಿ ಸೀಸೆಗೆ ತುಂಬೋಕೆ ಆರು ತಿಂಗಳು ಬೇಕು, ವೈರಸ್ಸು ಅಲ್ಲೀವರೆಗೆ ಕಾಯ್ತಾ ಕೂರಲ್ಲ. 2014ರಲ್ಲಿ ಹಾಗೇ ಆಗಿದ್ದು. ಫೆಬ್ರವರಿಯಲ್ಲಿ ಎಚ್3ಎನ್2ಗೆ ಟೆಕ್ಸಾಸ್ 2012 ಅಂತ ಆರಿಸಿದ್ರು, ಮಾರ್ಚ್ ಆದ್ಮೇಲೆ ಬೇರೆ ರೂಪದ ಎಚ್3ಎನ್2 ತಲೆ ಎತ್ತಿತು, ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಪಟ್ಟಿಗೆ ಸ್ವಿಟ್ಜರ್ಲೆಂಡ್ 2013 ಅಂತ ಬದಲಾಯಿಸಿದ್ರು, ಉತ್ತರದವ್ರ ಲಸಿಕೆ ಆಗಲೇ ತಯಾರಾಗಿ ಹೋಗಿತ್ತು. ಆ ಚಳಿಗಾಲ ಅಮೆರಿಕದಲ್ಲಿ ಲಸಿಕೆ ಕೆಲಸ ಮಾಡಿದ್ದು ಶೇ. 19 ಅಷ್ಟೇ. ಚೆನ್ನಾಗಿ ಹೊಂದಿಕೆಯಾದ ವರ್ಷನೂ ಶೇ. 40ರಿಂದ 60.

ಹೊಟ್ಟೆ ಉರಿದಿದ್ದು ಇದನ್ನ ಓದಿದಾಗ: 2024ರ ಸೆಪ್ಟೆಂಬರ್‌ನಲ್ಲೇ ದಕ್ಷಿಣದ ಪಟ್ಟಿಯಲ್ಲಿ ಥೈಲ್ಯಾಂಡ್ ತೆಗೆದು ಕ್ರೊಯೇಷಿಯಾ 2023 ಅಂತ ಹಾಕಿದ್ರು. ನಾನು ಅಪ್ಪಯ್ಯನಿಗೆ ಹಾಕ್ಸಿದ್ದು ಅದಾಗಿ ಮೂರು ತಿಂಗಳಿಗೆ, ಹಳೇದನ್ನೇ.

ಸಂಜೆ ಮತ್ತೆ ಎಬ್ಬಿಸಿ ಮಾತ್ರೆ ಕೊಟ್ಟೆ. ಆಗ ಶುರು ಮಾಡಿದ್ರು.
"ಅಡಿಕೆ ಕೊಳೆರೋಗಕ್ಕೆ ಔಷಧಿ ಯಾವಾಗ ಹೊಡೆಸ್ತೀವಿ?"
"ಮಳೆ ಹಿಡಿಯೋಕೆ ಮೊದ್ಲು, ಮೇ ಕೊನೇಲಿ."
"ಆಮೇಲೆ?"
"ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದ್ಸಲ."
"ಈ ಜ್ವರ ಜಾಸ್ತಿ ಬರೋದು ಯಾವಾಗ?"
"ಮಳೆಗಾಲದಲ್ಲೇ."
"ಮತ್ತೆ ನಂಗೆ ಅಡಿಕೆ ಕೊಯ್ಲಲ್ಲಿ ಹೊಡೆಸಿದ್ದು ಎಂತಕ್ಕೆ ಮಾರಾಯ್ತಿ?"

ದನಿಯಲ್ಲಿ ಸಿಟ್ಟಿರ್ಲಿಲ್ಲ. ತೋಟದ ಲೆಕ್ಕ ಕೇಳೋ ಹಾಗೇ ಕೇಳಿದ್ರು. ನಂಗೆ ಮಾತು ಹೊರಡ್ಲಿಲ್ಲ, ಯಾಕಂದ್ರೆ ಅವರು ಹೇಳಿದ್ದೇ ಸರಿ. ನಮ್ಮ ದೇಶದ ಸಂಶೋಧಕರೇ ವರ್ಷಗಟ್ಲೆ ಫ್ಲೂ ಲೆಕ್ಕ ಇಟ್ಟು ಬರೆದಿದ್ದಾರೆ, ಶ್ರೀನಗರದಂಥ ಕಡೆ ಚಳಿಗಾಲಕ್ಕೆ ಮೊದ್ಲು ಹಾಕ್ಸಿ, ದೇಶದ ಬಹುಪಾಲು ಊರುಗಳಿಗೆ ಮಳೆಗಾಲಕ್ಕೆ ಮೊದ್ಲು, ಏಪ್ರಿಲ್-ಮೇ ಹೊತ್ತಿಗೆ ಹಾಕ್ಸಿ ಅಂತ. ಲಸಿಕೆಯ ಬಲ ತಿಂಗಳು ಕಳೆದ ಹಾಗೆ ಇಳೀತಾನೂ ಹೋಗುತ್ತೆ. ಡಿಸೆಂಬರ್‌ದು ಆಗಸ್ಟಿಗೆ ಎಷ್ಟು ಉಳಿದಿತ್ತೋ. ಮೇ ತಿಂಗಳಲ್ಲಿ ತೋಟಕ್ಕೆ ಮೈಲುತುತ್ತ ಸುಣ್ಣ ತರಿಸಿ ದ್ರಾವಣ ಕಲಸೋವಾಗ ಪಕ್ಕದಲ್ಲೇ ನಿಂತಿದ್ದೆ, ಆಗ ಒಂದ್ಸಲನಾದ್ರೂ ಅಪ್ಪಯ್ಯನ ನೆನಪು ಬರಬಾರದಿತ್ತಾ ನಂಗೆ?

ಮಂಗನ ಕಾಯಿಲೆ ಇಂಜೆಕ್ಷನ್ ವಿಷ್ಯನೂ ತೆಗೆದ್ರು. "ಕೈ ನೋಯಿಸ್ಕೊಂಡು ಎಷ್ಟು ಸಲ ಹಾಕ್ಸಿಕೊಂಡ್ವಿ, ಕೊನೆಗೆ ಅದ್ರಲ್ಲಿ ಶಕ್ತಿನೇ ಸಾಲದು ಅಂತ ನಿಲ್ಸಿದ್ರಲ್ಲ." 2022ರಲ್ಲಿ ನಿಲ್ಲಿಸಿದ್ದು ಹೌದು. ಅದು ಬೇರೆ ಇದು ಬೇರೆ ಅಂತ ಹೇಳ್ಬಹುದಿತ್ತು, ಹೇಳ್ಲಿಲ್ಲ. ಈ ತಾಲೂಕಿನವ್ರು ಲಸಿಕೆ ಅಂದ ಕೂಡ್ಲೇ ಹಿಂದೆ ಮುಂದೆ ನೋಡೋದಕ್ಕೆ ಕಾರಣ ಇದೆ. ಆದ್ರೂ ಆಕ್ಸಿಜನ್ ಹಾಕೋ ಹಂತಕ್ಕೆ ಹೋಗ್ಲಿಲ್ಲ ಅಪ್ಪಯ್ಯ. ಜೋರಾಗದ ಹಾಗೆ ಆ ಹಳೇ ಥೈಲ್ಯಾಂಡೇ ತಡೀತಾ, ಎರಡನೇ ದಿನಕ್ಕೇ ಒಸೆಲ್ಟಾಮಿವಿರ್ ಅನ್ನೋ ಫ್ಲೂ ಔಷಧಿ ಶುರು ಮಾಡಿದ್ದಕ್ಕಾ? ಒಬ್ಬ ಮನುಷ್ಯನ್ನ ನೋಡಿ ಅದನ್ನ ಹೇಳೋಕಾಗಲ್ಲ. ತಡೀತು ಅಂತಲೇ ನಂಬ್ಕೋತೀನಿ ಇವತ್ತಿಗೆ.

ಮುಂದಿನ ಏಪ್ರಿಲ್‌ಗೆ ಮತ್ತೆ ಹಾಕ್ಸೋದು, ಈ ಸಲ ಪೊಟ್ಟಣದ ಮೇಲಿನ ಹೆಸರು ಇಸವಿ ಓದಿ ಹಾಕ್ಸೋದು. ಅಪ್ಪಯ್ಯ ಒಪ್ಪಿದ್ದಾರೆ.

ಈಗಷ್ಟೇ ನಮ್ಮ ತೋಟದ ಅಡಿಕೆ ಕೊನೆ ಇಳಿಸೋ ಕೊನೆಗಾರನ ಹೆಂಡತಿ ಫೋನ್ ಮಾಡಿದ್ಲು. ಅವನಿಗೂ ಮೂರು ದಿನದಿಂದ ಜ್ವರ, ಮೈ ಕೈ ನೋವು, ಎದ್ದೇ ಇಲ್ಲ, ಮನೇಲಿ ಅವನ ತಾಯಿ ಇದ್ದಾರೆ, ಅಪ್ಪಯ್ಯನದೇ ವಯಸ್ಸು. ಫ್ಲೂ ಲಸಿಕೆ ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟೇ ಹಾಕ್ಸಬೇಕು, ಸಾವಿರದ ಎಂಟುನೂರು ಅಂದ್ರೆ ಅವಳ ನಾಲ್ಕೈದು ದಿನದ ಕೂಲಿ, ಮೂರು ಜನಕ್ಕೆ ಅಂದ್ರೆ