ಉಪಗ್ರಹ ಹೇಳುವ ಮಣ್ಣಿನ ತೇವ: ಹೊಲದಲ್ಲಿ ಅದನ್ನು ಪರೀಕ್ಷಿಸುವ ಬಗೆ

ನಾಸಾದ ಸ್ಮ್ಯಾಪ್ ಉಪಗ್ರಹ 2015ರ ಜನವರಿ 31ರಂದು ಹಾರಿತು. ಆ ವರ್ಷದಿಂದ ಎರಡು ಮೂರು ದಿನಕ್ಕೊಮ್ಮೆ ನೆಲದ ಮೇಲ್ಪದರದ ತೇವವನ್ನು ಅಳೆಯುತ್ತಿದೆ. ಅದರ ಫೈಲ್ ತೆರೆದರೆ ಗುಂಡ್ಲುಪೇಟೆ ಕಡೆಯ ಪಿಕ್ಸೆಲಿಗೆ (ಉಪಗ್ರಹ ಒಂದೇ ಸಂಖ್ಯೆ ಕೊಡುವ ನೆಲದ ಚೌಕಕ್ಕೆ) 0.18 ಎಂಬಂಥ ಒಂದು ಸಂಖ್ಯೆ ಸಿಗುತ್ತದೆ. ಒಂದು ಘನ ಮೀಟರ್ ಮಣ್ಣಿನಲ್ಲಿ 0.18 ಘನ ಮೀಟರ್ ನೀರಿದೆ ಎಂದು ಇದರರ್ಥ. ಗಿಡಗಂಟಿಯೊಳಗಿನ ನೀರು ಚದರ ಮೀಟರಿಗೆ 5 ಕೆಜಿ ದಾಟದ ಜಾಗಗಳಲ್ಲಿ ತಪ್ಪು 0.04ರ ಒಳಗಿರಬೇಕು ಎಂಬುದು ಯೋಜನೆಯ ಗುರಿ. ಆ ಗುರಿ ಮುಟ್ಟಿದೆಯೇ ಎಂದು ನೆಲದಲ್ಲಿ ಅಳೆದು ನೋಡುವುದು ವ್ಯಾಲಿಡೇಷನ್. ಹೋಲಿಕೆ ಕೆಟ್ಟಾಗ ಎಲ್ಲರೂ ಮೊದಲು ಬೆರಳು ತೋರಿಸುವುದು ಉಪಗ್ರಹದ ಕಡೆಗೆ. ಮೊದಲು ಅನುಮಾನಿಸಬೇಕಾದದ್ದು ತೇವ ಅಳೆಯಲು ನಾವು ಮಣ್ಣಿನಲ್ಲಿ ನೆಟ್ಟ ಉಪಕರಣವನ್ನು, ಅಂದರೆ ಪ್ರೋಬನ್ನು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಪಗ್ರಹ ತೇವವನ್ನು ನೇರವಾಗಿ ಅಳೆಯುವುದಿಲ್ಲ. ನೆಲ ತಾನಾಗಿ ಹೊರಸೂಸುವ 1.41 ಗಿಗಾಹರ್ಟ್ಸ್ ಮೈಕ್ರೋವೇವನ್ನು 6 ಮೀಟರ್ ಅಗಲದ ತಿರುಗುವ ಬಲೆ ಆಂಟೆನಾದಿಂದ ಹಿಡಿದು, ಅದನ್ನು ಕೆಲ್ವಿನ್ ಲೆಕ್ಕದಲ್ಲಿ 'ಹೊಳಪಿನ ತಾಪ'ವಾಗಿ ದಾಖಲಿಸುತ್ತದೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಸುಮಾರು 80, ಒಣ ಮಣ್ಣಿನದು 3ರಿಂದ 5. ಹಾಗಾಗಿ ಮಣ್ಣು ನೆನೆದಷ್ಟೂ ಹೊಳಪಿನ ತಾಪ ಇಳಿಯುತ್ತದೆ. ಬರಿ ನೆಲದಲ್ಲಿ ಸುಮಾರು 2-3 ಕೆಲ್ವಿನ್ ಇಳಿದರೆ ತೇವ 0.01 ಏರಿದೆ ಎಂದು ಲೆಕ್ಕ. ಈ ಅಳತೆ ಮಾಡುವ ಉಪಕರಣ ರೇಡಿಯೋಮೀಟರ್. ಅದರ ಕ್ಯಾಲಿಬ್ರೇಷನ್, ಅಂದರೆ ಬೆಲೆ ಗೊತ್ತಿರುವುದರ ಜೊತೆ ಹೋಲಿಸಿ ಸರಿಪಡಿಸುವುದು, ಎರಡು ಹಂತದಲ್ಲಿ ನಡೆಯುತ್ತದೆ. ಒಳಗೇ ಇರುವ, ಸಂಕೇತದ ಪ್ರಮಾಣ ಗೊತ್ತಿರುವ ರೆಫರೆನ್ಸ್ ಲೋಡ್ ಮತ್ತು ನಾಯ್ಸ್ ಡಯೋಡ್ ಎಂಬ ಭಾಗಗಳ ಜೊತೆ ಸತತ ಹೋಲಿಕೆ ಒಂದು. ಆಗಾಗ ಇಡೀ ಉಪಗ್ರಹವನ್ನೇ ಓರೆ ಮಾಡಿ, 2.7 ಕೆಲ್ವಿನ್ ಹಿನ್ನೆಲೆಯ ತಣ್ಣನೆಯ ಆಕಾಶವನ್ನು ನೋಡಿಸುವುದು ಇನ್ನೊಂದು. ಇಷ್ಟು ನಾಸಾದವರ ಪಾಲಿನ ಕೆಲಸ. ಉಳಿದದ್ದು ಹೊಲದಲ್ಲಿ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೇಳಿಮಾಡಿಸಿದ ಜಾಗ ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿ ಜಲಾನಯನ. ಕಬಿನಿ ಕಣಿವೆಗೆ ಸೇರಿದ 84 ಚದರ ಕಿಲೋಮೀಟರ್ ಪ್ರದೇಶ. ಐಐಎಸ್‌ಸಿ ಮತ್ತು ಫ್ರಾನ್ಸಿನ ಸಂಶೋಧಕರು ಸೇರಿ ಇಲ್ಲಿ ವರ್ಷಗಟ್ಟಲೆ ಮಣ್ಣಿನ ತೇವ, ಅಂತರ್ಜಲ, ಬೆಳೆ ಎಲ್ಲವನ್ನೂ ಅಳೆದಿದ್ದಾರೆ. ಪಶ್ಚಿಮಕ್ಕೆ ಬಂಡೀಪುರದ ಕಾಡು, ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ. ಕೆಮ್ಮಣ್ಣು, ಎರೆಮಣ್ಣು ಎರಡೂ ಪಕ್ಕಪಕ್ಕದಲ್ಲಿ. ಒಂದು ಹೊಲದಲ್ಲಿ ಮಳೆಯಾಶ್ರಿತ ಜೋಳ ಅಥವಾ ಸೂರ್ಯಕಾಂತಿ, ಬದು ದಾಟಿದರೆ ಕೊಳವೆಬಾವಿ ನೀರಿನ ಅರಿಶಿನ, ಬಾಳೆ. ಉಪಗ್ರಹಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕಿಲ್ಲ.

ಇಂಥ ಕಡೆ ಹೆಚ್ಚು ಬಳಕೆಯಲ್ಲಿರುವ ಉಪಕರಣ ಥೀಟಾ ಪ್ರೋಬ್. ನಾಲ್ಕು ಸ್ಟೀಲ್ ಕಡ್ಡಿಗಳು, ಒಂದೊಂದೂ 6 ಸೆಂಟಿಮೀಟರ್ ಉದ್ದ. ಮಣ್ಣಿಗೆ ಚುಚ್ಚಿದರೆ 100 ಮೆಗಾಹರ್ಟ್ಸ್ ಸಂಕೇತ ಕಳಿಸಿ, ಉತ್ತರವನ್ನು ವೋಲ್ಟೇಜಿನಲ್ಲಿ ಕೊಡುತ್ತದೆ. ವೋಲ್ಟೇಜಿನಿಂದ ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲ ಸಿಗುತ್ತದೆ. ಅದರಿಂದ 1.6 ಕಳೆದು 8.4ರಿಂದ ಭಾಗಿಸಿದರೆ ತೇವ. ಈ 1.6 ಮತ್ತು 8.4 ತಯಾರಕರು ಸಾಮಾನ್ಯ ಖನಿಜ ಮಣ್ಣಿಗೆ ಕೊಟ್ಟ ಸಂಖ್ಯೆಗಳು. ಇವನ್ನೇ ನೆಚ್ಚಿಕೊಂಡರೆ ತಪ್ಪು 0.05ರವರೆಗೂ ಹೋಗಬಹುದು. ಉಪಗ್ರಹಕ್ಕೆ ಕೊಟ್ಟ ಮಿತಿಯೇ 0.04 ಇರುವಾಗ, ಅದಕ್ಕಿಂತ ಒರಟಾದ ಅಳತೆಗೋಲಿನಿಂದ ಅದನ್ನು ಅಳೆದು ತೀರ್ಪು ಕೊಡುವುದು ನ್ಯಾಯವಲ್ಲ. ಅದಕ್ಕೇ ಪ್ರತಿ ಮಣ್ಣಿಗೂ ಬೇರೆ ಕ್ಯಾಲಿಬ್ರೇಷನ್ ಬೇಕು.

ಮಾಡುವುದು ಹೀಗೆ. ಮಳೆಯಾಗಿ ಎರಡನೇ ದಿನ, ಮಣ್ಣು ಹದವಾಗಿರುವಾಗ, ಪ್ರೋಬ್ ಚುಚ್ಚಿ ವೋಲ್ಟೇಜ್ ಬರೆದುಕೊಳ್ಳಿ. ಕಡ್ಡಿ ಇದ್ದ ಜಾಗಕ್ಕೆ ಒತ್ತಿಕೊಂಡೇ, ಆದರೆ ಆ ತೂತುಗಳನ್ನು ತಪ್ಪಿಸಿ, 100 ಘನ ಸೆಂಟಿಮೀಟರಿನ ಸ್ಟೀಲ್ ಉಂಗುರ ಇಳಿಸಿ. ಉಂಗುರದ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ನಿಧಾನವಾಗಿ ಹೊಡೆಯಬೇಕು. ನೇರವಾಗಿ ಹೊಡೆದರೆ ಮಣ್ಣು ಅಮುಕಿಕೊಂಡು ಸಾಂದ್ರತೆ ಸುಳ್ಳಾಗುತ್ತದೆ. ಸುತ್ತ ಅಗೆದು ಉಂಗುರ ತೆಗೆದು, ಎರಡೂ ಬಾಯಿಯನ್ನು ಚಾಕುವಿನಿಂದ ಸಮ ಕೊಯ್ದು, ಮುಚ್ಚಳ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಿನಲ್ಲಿಡಿ. ಬಿಸಿಲಲ್ಲಿ ನಿಂತ ಜೀಪಿನಲ್ಲಿಟ್ಟರೆ ನೀರು ಚೀಲದ ಒಳಗೋಡೆಗೆ ಹತ್ತಿಕೊಳ್ಳುತ್ತದೆ, ತೂಕ ಮಾಡುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ತೂಗಿ, 105 ಡಿಗ್ರಿ ಓವನ್ನಿನಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. ಎರೆಮಣ್ಣಾದರೆ 24 ಗಂಟೆ ಸಾಲದಿರಬಹುದು. ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ.

ಉದಾಹರಣೆಗೆ, ಉಂಗುರದ ತೂಕ ಕಳೆದು ಹಸಿ ಮಣ್ಣು 168 ಗ್ರಾಂ, ಒಣಗಿದ್ದು 140 ಗ್ರಾಂ ಎಂದುಕೊಳ್ಳಿ. ನೀರು 28 ಗ್ರಾಂ. ಮಣ್ಣಿನ ಗಾತ್ರ 100 ಘನ ಸೆಂಟಿಮೀಟರ್, ಆದ್ದರಿಂದ ಗಾತ್ರದ ಲೆಕ್ಕದ ತೇವ 0.28. ತೂಕದ ಲೆಕ್ಕ ಹಿಡಿದರೆ 28ನ್ನು 140ರಿಂದ ಭಾಗಿಸಿ ಶೇ 20. ಉಪಗ್ರಹ ಕೊಡುವುದು ಗಾತ್ರದ ಲೆಕ್ಕ. ಕೃಷಿ ಪ್ರಯೋಗಾಲಯಗಳ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ತೂಕದ ಲೆಕ್ಕ. ಇವೆರಡನ್ನು ನೇರವಾಗಿ ಹೋಲಿಸಿಬಿಟ್ಟರೆ, ಇರದ 0.08 ತಪ್ಪನ್ನು ಉಪಗ್ರಹದ ತಲೆಗೆ ಕಟ್ಟಿದಂತಾಗುತ್ತದೆ.

ಈಗ ಎರಡು ಬಿಂದುವಿನ ಕ್ಯಾಲಿಬ್ರೇಷನ್. ಹಸಿ ಮಣ್ಣಿನಲ್ಲಿ ವರ್ಗಮೂಲದ ಬೆಲೆ 4.2 ಬಂದಿತ್ತು, ಓವನ್ನಿನಿಂದ ತೆಗೆದು ತಣಿಸಿದ ಅದೇ ಮಣ್ಣಿನಲ್ಲಿ ಅದೇ ಪ್ರೋಬ್ 1.7 ತೋರಿಸಿತು ಎಂದಿಟ್ಟುಕೊಳ್ಳೋಣ. 4.2ರಲ್ಲಿ 1.7 ಕಳೆದರೆ 2.5; ಅದನ್ನು 0.28ರಿಂದ ಭಾಗಿಸಿದರೆ 8.93. ಈ ಮಣ್ಣಿಗೆ 1.6, 8.4 ಅಲ್ಲ, 1.7 ಮತ್ತು 8.93 ಬಳಸಬೇಕು. ತಯಾರಕರ ಸಂಖ್ಯೆ ಹಾಕಿದ್ದರೆ ಉತ್ತರ 0.31 ಬರುತ್ತಿತ್ತು. ಅಲ್ಲೇ 0.03 ಹೋಯಿತು. ಒಂದೇ ಉಂಗುರ ನಂಬಬೇಡಿ. ಪ್ರತಿ ಮಣ್ಣಿಗೂ ಒಣಗಿದ್ದು, ಹದವಾದದ್ದು, ಚೆನ್ನಾಗಿ ನೆನೆದದ್ದು ಮೂರೂ ಸ್ಥಿತಿಯಲ್ಲಿ ಕೆಲವು ಉಂಗುರ ತೆಗೆದು ಗೆರೆ ಎಳೆಯಿರಿ. ಬೇಸಿಗೆಯಲ್ಲಷ್ಟೇ ಮಾಡಿದ ಕ್ಯಾಲಿಬ್ರೇಷನ್ ಮುಂಗಾರಿನಲ್ಲಿ ದಾರಿ ತಪ್ಪಿಸುತ್ತದೆ.

ಎರೆಮಣ್ಣು ಈ ಕೆಲಸದಲ್ಲಿ ಎಲ್ಲಕ್ಕಿಂತ ತಾಳ್ಮೆ ಬೇಡುವ ಮಣ್ಣು. ಒಣಗಿದಾಗ ಬಿರಿಯುತ್ತದೆ, ಬಿರುಕು ಪ್ರೋಬಿನ ಕಡ್ಡಿಯ ಗುಂಟವೇ ಬೀಳುತ್ತದೆ. ಕಡ್ಡಿ ಮತ್ತು ಮಣ್ಣಿನ ನಡುವೆ ಗಾಳಿ ಸೇರಿ, ತೇವವಿದ್ದರೂ ರೀಡಿಂಗ್ ಕೆಳಗಿಳಿಯುತ್ತದೆ. ಮುಂದಿನ ಮಳೆಗೆ ಅದೇ ಬಿರುಕಿನಲ್ಲಿ ನೀರು ನಿಂತು, ರೀಡಿಂಗ್ ಒಮ್ಮೆಲೇ 0.55 ದಾಟುತ್ತದೆ. ಇದನ್ನು ಹಿಡಿಯಲು ಒಂದು ಸುಲಭ ಜಾಲರಿ ಇದೆ. ಒಣ ಸಾಂದ್ರತೆಯನ್ನು (ಒಣ ಮಣ್ಣಿನ ತೂಕವನ್ನು ಉಂಗುರದ ಗಾತ್ರದಿಂದ ಭಾಗಿಸಿದ್ದು) ಮಣ್ಣಿನ ಕಣಗಳ ಸಾಂದ್ರತೆಯಾದ 2.65ರಿಂದ ಭಾಗಿಸಿ 1ರಿಂದ ಕಳೆಯಿರಿ. 1.40 ಸಾಂದ್ರತೆಗೆ 0.47 ಬರುತ್ತದೆ, ಮಣ್ಣಿನ ಒಟ್ಟು ಸಂದಿಯೇ ಅಷ್ಟು. ಅದಕ್ಕಿಂತ ಹೆಚ್ಚು ನೀರು ಮಣ್ಣಿನಲ್ಲಿ ಹಿಡಿಯದು. ಅಂಥ ರೀಡಿಂಗುಗಳನ್ನು ಗುರುತು ಹಾಕಿ ಹೊರಗಿಡಿ. ಎರೆಮಣ್ಣು ಉಬ್ಬಿ ಕುಗ್ಗುವುದರಿಂದ ಅದರ ಸಾಂದ್ರತೆಯೂ ತೇವದೊಂದಿಗೆ ಬದಲಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಕೆಮ್ಮಣ್ಣಿನ ತೊಂದರೆ ಬೇರೆ: ಗರಸು. ಕಡ್ಡಿಗೆ ಕಲ್ಲು ತಗುಲಿದರೆ ಬಲವಂತ ಮಾಡದೆ ಒಂದು ಗೇಣು ಪಕ್ಕಕ್ಕೆ ಹೋಗಿ. ಬಾಗಿದ ಕಡ್ಡಿಯ ಪ್ರೋಬ್ ಕ್ಯಾಲಿಬ್ರೇಷನ್ ಕಳೆದುಕೊಂಡ ಪ್ರೋಬ್.

ಆಳದ ವಿಷಯ. ಉಪಗ್ರಹ ಹಿಡಿಯುವ ಮೈಕ್ರೋವೇವ್ ತರಂಗ ಹೇಳುವುದು ಮೇಲಿನ ಸುಮಾರು 5 ಸೆಂಟಿಮೀಟರ್, ಮಣ್ಣು ನೆನೆದಿದ್ದರೆ ಇನ್ನೂ ಕಡಿಮೆ. ರೀಡಿಂಗುಗಳನ್ನು ತಾನಾಗಿ ದಾಖಲಿಸುವ ಲಾಗರಿಗೆ ಕಟ್ಟಿದ ಪ್ರೋಬನ್ನು ಸಾಮಾನ್ಯವಾಗಿ 5 ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ಹೂಳುತ್ತಾರೆ. ಅದು ಓದುವುದು ಆ ಆಳದ ಮೇಲೆ ಕೆಳಗೆ ಒಂದೆರಡು ಸೆಂಟಿಮೀಟರ್. ಹನಿ ಮಳೆ ಬಂದು ಮೇಲಿನ 2 ಸೆಂಟಿಮೀಟರ್ ಮಾತ್ರ ನೆನೆದರೆ ಉಪಗ್ರಹದ ಸಂಖ್ಯೆ ಏರುತ್ತದೆ, ಪ್ರೋಬ್ ಅಲುಗುವುದಿಲ್ಲ. ಮಳೆ ನಿಂತ ಮೇಲೆ ಉಪಗ್ರಹದ ಗೆರೆ ಬೇಗ ಒಣಗುತ್ತದೆ, ಪ್ರೋಬಿನದು ನಿಧಾನ. ಇದು ಯಾರ ತಪ್ಪೂ ಅಲ್ಲ, ಇಬ್ಬರೂ ಬೇರೆ ಬೇರೆ ಪದರ ನೋಡುತ್ತಿದ್ದಾರೆ ಅಷ್ಟೆ. ಕೈಯಲ್ಲಿ ಹಿಡಿದ ಪ್ರೋಬನ್ನು ಮೇಲಿನಿಂದ ನೇರವಾಗಿ ಚುಚ್ಚಿದರೆ 0ಯಿಂದ 6 ಸೆಂಟಿಮೀಟರಿನ ಸರಾಸರಿ ಸಿಗುವುದರಿಂದ ಹೋಲಿಕೆ ಹೆಚ್ಚು ಹತ್ತಿರ ಬರುತ್ತದೆ.

ಹೂತಿಟ್ಟ ಪ್ರೋಬಿಗೆ ಉಳುಮೆಯೇ ದೊಡ್ಡ ಶತ್ರು. ಹಾಗಾಗಿ ಬದುವಿನ ಮೇಲೆ ಹೂಳುವ ಆಸೆ ಎಲ್ಲರಿಗೂ ಬರುತ್ತದೆ. ಬದು ಹೊಲವಲ್ಲ: ಅಲ್ಲಿ ಉಳುಮೆಯಿಲ್ಲ, ಮಣ್ಣು ಗಟ್ಟಿ, ಹುಲ್ಲು ಬೆಳೆದಿರುತ್ತದೆ, ಸಾಲಿನಲ್ಲಿ ಹಾಯಿಸಿದ ನೀರು ತಲುಪುವುದಿಲ್ಲ. ಪ್ರೋಬ್ ಹೊಲದಲ್ಲೇ ಇರಲಿ. ಉಳುಮೆಗೆ ಮುಂಚೆ ತೆಗೆದು, ಬಿತ್ತನೆಯಾದ ಮೇಲೆ ಮತ್ತೆ ಹೂತು, ಹೊಸ ಉಂಗುರ ತೆಗೆದು ಕ್ಯಾಲಿಬ್ರೇಷನ್ ಪರಿಶೀಲಿಸಿ. ಹೊಲದವರಿಗೆ ಉಳುಮೆಯ ದಿನ ಮೊದಲೇ ತಿಳಿಸುವಂತೆ ಕೇಳಿಕೊಂಡಿರಬೇಕು. ಕೇಬಲನ್ನು ಪಿವಿಸಿ ಪೈಪಿನೊಳಗೆ ಹಾಕಿ, ನೇಗಿಲಿಗೆ ಸಿಗದಷ್ಟು ಆಳದಲ್ಲಿ ಹೂಳಿ. ಪೈಪಿನ ಬಾಯಿ ಮುಚ್ಚದಿದ್ದರೆ ಇಲಿ ಒಳಗೇ ಸೇರುತ್ತದೆ. ಲಾಗರ್ ಪೆಟ್ಟಿಗೆಯಲ್ಲಿ ಇರುವೆ ಕಟ್ಟುವುದು ತಪ್ಪಿದ್ದಲ್ಲ. ಒಳಗಿನ ಸಿಲಿಕಾ ಜೆಲ್ ಬದಲಿಸುವಾಗಲೆಲ್ಲ ಅದನ್ನೂ ನೋಡಬೇಕು.

ಇನ್ನು ವಿಸ್ತಾರ. ಸ್ಮ್ಯಾಪ್ ಪಿಕ್ಸೆಲ್ 36 ಕಿಲೋಮೀಟರ್ ಚೌಕ, ಅಂದರೆ 1296 ಚದರ ಕಿಲೋಮೀಟರ್. ಬೇರಂಬಾಡಿ ಇಡಿಯಾಗಿ ಅದರ ಶೇ 7ನ್ನೂ ಮುಟ್ಟುವುದಿಲ್ಲ. ಪ್ರೋಬ್ ನೋಡುವುದು ಒಂದು ಲೋಟದಷ್ಟು ಮಣ್ಣನ್ನು. ನಡುವಿನ ಅಂತರ ತುಂಬಲು ಮೊದಲ ಪ್ರಶ್ನೆ, ಎಷ್ಟು ಜಾಗದಲ್ಲಿ ಅಳೆಯಬೇಕು? ಹೊಲದಿಂದ ಹೊಲಕ್ಕೆ ತೇವದ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಬೆಲೆಗಳು ಚದುರುವ ಅಳತೆ) 0.06 ಇದ್ದು, ಸರಾಸರಿಯನ್ನು 0.02 ಒಳಗೆ ಹಿಡಿಯಬೇಕಾದರೆ, 2ರಿಂದ ಗುಣಿಸಿದ 0.06ನ್ನು 0.02ರಿಂದ ಭಾಗಿಸಿ ವರ್ಗ ಮಾಡಿ: 36 ಜಾಗ, ಅದೂ ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರದಲ್ಲಿ. ಬೇರಂಬಾಡಿಯಲ್ಲಿ 50ರಷ್ಟು ತಾಕುಗಳನ್ನು ಆರಿಸಿ ಉಪಗ್ರಹ ಹಾದುಹೋಗುವ ದಿನಗಳಂದು ಅಳೆದಿದ್ದಾರೆ.

ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಹೆಚ್ಚು ಕಾಡುತ್ತದೆ. ರಸ್ತೆ ಪಕ್ಕದ, ಮೋಟಾರ್ ಇರುವ ಹೊಲಗಳಿಗೆ ಹೋಗುವುದು ಸುಲಭ, ಹಾಗಾಗಿ ಅಳತೆಗಳು ತಾವಾಗಿ ಅಲ್ಲೇ ಗುಂಪುಗೂಡುತ್ತವೆ. ಲೆಕ್ಕಕ್ಕೆ ಒಂದು ಪಿಕ್ಸೆಲಿನಲ್ಲಿ ಶೇ 60 ಮಳೆಯಾಶ್ರಿತ ಹೊಲ, ತೇವ 0.12, ಶೇ 25 ನೀರಾವರಿ, 0.28, ಶೇ 15 ಕಾಡು, 0.20 ಎಂದುಕೊಳ್ಳಿ. ವಿಸ್ತಾರದ ತೂಕ ಕೊಟ್ಟು ಸರಾಸರಿ ತೆಗೆದರೆ 0.172. ಮೂರನ್ನೂ ಸುಮ್ಮನೆ ಕೂಡಿ ಮೂರರಿಂದ ಭಾಗಿಸಿದರೆ 0.20. ಈ ಒಂದೇ ಅಜಾಗರೂಕತೆ 0.04ರ ಮಿತಿಯಲ್ಲಿ ಶೇ 70ನ್ನು ನುಂಗಿತು. ಆದ್ದರಿಂದ ಭೂಬಳಕೆ ಮತ್ತು ಮಣ್ಣಿನ ನಕ್ಷೆಯನ್ನು ಒಂದರ ಮೇಲೊಂದಿಟ್ಟು, ಪ್ರತಿ ವರ್ಗಕ್ಕೂ ಜಾಗ ಹಂಚಿ, ಆಮೇಲೆ ತೂಕ ಕೊಡಬೇಕು.

ಬೆಳೆಯ ನೀರನ್ನೂ ಅಳೆಯಬೇಕು, ಏಕೆಂದರೆ ಅದು ಮಣ್ಣಿನ ಸಂಕೇತವನ್ನು ತಗ್ಗಿಸುತ್ತದೆ. ಸಾಲಿನಲ್ಲಿ ಒಂದು ಮೀಟರ್ ಉದ್ದದ ಗಿಡಗಳನ್ನು ಬುಡಕ್ಕೆ ಕೊಯ್ದು, ಹೊಲದಲ್ಲೇ ತೂಗಿ, 65-70 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ವ್ಯತ್ಯಾಸವನ್ನು ಸಾಲುಗಳ ಅಂತರದಿಂದ ಭಾಗಿಸಿದರೆ ಚದರ ಮೀಟರಿಗೆ ಕೆಜಿ ಸಿಗುತ್ತದೆ. ಬಾಳೆಗೆ ಈ ವಿಧಾನ ಒಗ್ಗುವುದಿಲ್ಲ. ಅಲ್ಲಿ ಇಡೀ ಗಿಡವನ್ನೇ ತುಂಡು ಮಾಡಿ ತೂಗಬೇಕು. ಕೊಯ್ದ ಬೆಳೆಗೆ ಹಣ ಕೊಡಿ. ಅದು ಒಂದು ಮನೆಯವರ ಫಸಲು.

ಸಮಯದಲ್ಲಿ ಎಡವುವವರು ಬಹಳ. ಸ್ಮ್ಯಾಪ್ ಹಾದುಹೋಗುವುದು ಸ್ಥಳೀಯ ಸೌರ ಸಮಯ ಬೆಳಿಗ್ಗೆ ಮತ್ತು ಸಂಜೆ 6ಕ್ಕೆ. ಬೆಳಗಿನ ಹೊತ್ತು ಮಣ್ಣು ಮತ್ತು ಗಿಡದ ತಾಪ ಹೆಚ್ಚುಕಡಿಮೆ ಒಂದೇ ಇರುವುದರಿಂದ ಆ ಹೊತ್ತಿನ ಲೆಕ್ಕ ಸರಳ. ಗುಂಡ್ಲುಪೇಟೆ ಇರುವುದು ಸುಮಾರು 76.7 ಡಿಗ್ರಿ ಪೂರ್ವದಲ್ಲಿ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಆದ್ದರಿಂದ ಅಲ್ಲಿನ 6 ಗಂಟೆ ಎಂದರೆ ಗಡಿಯಾರದಲ್ಲಿ ಸುಮಾರು 6:23, ಫೈಲಿನ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿ 00:53. ಲಾಗರ್ ಭಾರತೀಯ ಸಮಯದಲ್ಲಿದ್ದು, ಅದನ್ನು ಯುಟಿಸಿ ಎಂದು ಓದಿದರೆ ಐದೂವರೆ ಗಂಟೆ ಜಾರುತ್ತದೆ. ತಡರಾತ್ರಿಯ ಮಳೆ ಒಂದರಲ್ಲಿ ಕಾಣಿಸಿಕೊಂಡು ಇನ್ನೊಂದರಲ್ಲಿ ತಪ್ಪಿಹೋಗುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಮೋಟಾರ್ ಓಡಿಸುವ ಹೊಲಗಳಲ್ಲೂ ಇದೇ ಗೊಂದಲ. ಯಾವ ಹೊಲಕ್ಕೆ ಯಾವ ರಾತ್ರಿ ನೀರು ಹಾಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಕೊನೆಗೆ ಅಂಕಿಗಳ ಹೋಲಿಕೆ. ವರ್ಗಸರಾಸರಿಯ ಮೂಲದ ತಪ್ಪು (ವ್ಯತ್ಯಾಸಗಳ ವರ್ಗಗಳ ಸರಾಸರಿಯ ವರ್ಗಮೂಲ) 0.06, ಸ್ಥಿರ ವಾಲಿಕೆ (ಒಂದೇ ಕಡೆಗಿರುವ ಸರಾಸರಿ ವ್ಯತ್ಯಾಸ) 0.05 ಬಂದರೆ, ಮೊದಲನೆಯದರ ವರ್ಗದಿಂದ ಎರಡನೆಯದರ ವರ್ಗ ಕಳೆದು ಮೂಲ ತೆಗೆಯಿರಿ: 0.033. ಅಂದರೆ ಏರಿಳಿತವನ್ನು ಉಪಗ್ರಹ ಸರಿಯಾಗಿ ಹಿಡಿದಿದೆ, ಒಟ್ಟು ಮಟ್ಟ ಮಾತ್ರ ವಾಲಿದೆ. ಸ್ಮ್ಯಾಪಿನ 0.04 ಗುರಿಯನ್ನು ಅಳೆಯುವುದೂ ಈ ವಾಲಿಕೆ ತೆಗೆದ ಲೆಕ್ಕದಲ್ಲೇ. ವಾಲಿಕೆಗೆ ಕಾರಣ ಉಪಗ್ರಹದ ಲೆಕ್ಕದಲ್ಲಿ ಬಳಸುವ ಮಣ್ಣಿನ ನಕ್ಷೆಯಲ್ಲಿ ಜೇಡಿಯ ಪ್ರಮಾಣ ತಪ್ಪಿರುವುದೂ ಆಗಬಹುದು, ನಮ್ಮ ಜಾಗದ ಆಯ್ಕೆಯೂ ಆಗಬಹುದು. ಸಹಸಂಬಂಧ (ಎರಡೂ ಸರಣಿ ಒಟ್ಟಿಗೆ ಏರಿಳಿಯುವ ಪ್ರಮಾಣ, ಪೂರ್ತಿ ಹೊಂದಿದರೆ 1) 0.85 ಬಂತೆಂದು ಹಿಗ್ಗುವ ಮುನ್ನ ಋತುವಿನ ಪಾಲನ್ನು ಕಳೆಯಿರಿ. ಬೇಸಿಗೆ ಒಣ, ಮುಂಗಾರು ಹಸಿ ಎಂಬಷ್ಟನ್ನು ಕ್ಯಾಲೆಂಡರ್ ಕೂಡ ಹೇಳುತ್ತದೆ. ಐದು ವಾರದ ಚಲಿಸುವ ಸರಾಸರಿಯನ್ನು ಎರಡೂ ಸರಣಿಯಿಂದ ಕಳೆದು, ಉಳಿದ ಏರಿಳಿತಗಳ ಸಹಸಂಬಂಧವನ್ನು ಬೇರೆಯಾಗಿ ಕೊಡಿ.

2025ರ ಜುಲೈ 30ರಂದು ಹಾರಿದ, ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹದ ರೇಡಾರ್ 12 ದಿನಕ್ಕೊಮ್ಮೆ ಅದೇ ಕೋನದಿಂದ ನೋಡುತ್ತದೆ, ಅದರ ತೇವಾಂಶ ನಕ್ಷೆಯ ಚೌಕ 200 ಮೀಟರ್. ಅಂದರೆ 4 ಹೆಕ್ಟೇರ್, ನಮ್ಮ ಕಡೆಯ ಕೆಲವೇ ಹಿಡುವಳಿಗಳು. ವಿಸ್ತಾರದ ಸಮಸ್ಯೆ ಕುಗ್ಗುತ್ತದೆ, ಉಳುಮೆಯ ಒರಟುತನದ ಸಮಸ್ಯೆ ಹಿಗ್ಗುತ್ತದೆ: ಕುಂಟೆ ಹೊಡೆದ ಮರುದಿನ ತೇವ ಬದಲಾಗದಿದ್ದರೂ ರೇಡಾರ್ ಸಂಕೇತ ಬದಲಾಗುತ್ತದೆ. ಹಾಗಾಗಿ ತಾಕಿನ ದಾಖಲೆಯಲ್ಲಿ ಪ್ರೋಬಿನ ವೋಲ್ಟೇಜ್, ಉಂಗುರದ ಎರಡೂ ತೂಕ, ಬೆಳೆಯ ಎತ್ತರದ ಜೊತೆಗೆ ಉಳುಮೆ, ಕುಂಟೆ, ಕಳೆ ತೆಗೆದ ದಿನಾಂಕಗಳೂ ಇರಲಿ. ಕೊನೆಯ ಉತ್ತರವನ್ನಷ್ಟೇ ಉಳಿಸದೆ ವೋಲ್ಟೇಜನ್ನೂ ಉಳಿಸಿದ್ದರೆ, ಮುಂದೆ ಕ್ಯಾಲಿಬ್ರೇಷನ್ ತಿದ್ದಿದಾಗ ಹಳೆಯ ಅಳತೆಗಳೆಲ್ಲ ಮತ್ತೆ ಕೆಲಸಕ್ಕೆ ಬರುತ್ತವೆ.